ಐದಕ್ಕೆ ನಾಲ್ಕು

ಹೋದ ತಿಂಗಳು ನಮ್ಮ ಆಫೀಸಿನ ಹುಡುಗ ಒಬ್ಬ ರಾಜೀನಾಮೆ ಕೊಟ್ಟ. ಎರಡೇ ಸಾಲಿನ ಮೇಲ್. ಪುಣೆ ಹತ್ತಿರದ ಹಿಂಜವಡಿಯ ಐಟಿ ಕಂಪನಿಯಲ್ಲಿ ಎಚ್‌ಆರ್ ಆಗಿರೋಳಿಗೆ ಜನ ಕೆಲಸ ಬಿಡೋದು ಹೊಸದಲ್ಲ. ಚುಚ್ಚಿದ್ದು ಬೇರೆ. ಅದಕ್ಕೆ ಒಂಬತ್ತು ದಿನ ಮೊದಲು ನಾನೇ ಕಳಿಸಿದ್ದ 'ಕೆಲಸದಲ್ಲಿ ಹೇಗಿದ್ದೀರಿ' ಫಾರ್ಮನ್ನು ಅವನೂ ತುಂಬಿದ್ದ. ಹದಿನೈದು ಪ್ರಶ್ನೆ, ಎಲ್ಲದಕ್ಕೂ ಐದಕ್ಕೆ ನಾಲ್ಕು. ಹೆಸರು ಬೇಡ ಅಂತ ದಪ್ಪಕ್ಷರದಲ್ಲಿ ಬರೆದಿರ್ತೀವಿ, ನಿಜ. ಆದರೆ ಮೂರೇ ಜನರ ಟೀಮು, ಮೂವರೂ ಬರೀ ನಾಲ್ಕು ಒತ್ತಿದ್ದಾರೆ, ಇನ್ನು ಯಾರದು ಯಾವುದು ಅಂತ ಹುಡುಕೋದೇನಿದೆ?

ಸಂಜೆ ಸೊಸೈಟಿ ಗೇಟಿನ ಹತ್ತಿರದ ಕಟ್ಟೆ ಮೇಲೆ ಪಕ್ಕದ ಮನೆ ಕಾಕಾ ಸಿಕ್ಕರು. ಪುಣೆಯವರು ಅದಕ್ಕೆ 'ಕಟ್ಟಾ' ಅಂತಾರೆ, ನಮ್ಮ ಕಟ್ಟೆಯೇ, ಬಾಲ ಸ್ವಲ್ಪ ಬೇರೆ. ಕಾಕಾ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು. ಎಲ್ಲ ಕೇಳಿ, ತಂಬಾಕು ತಿಕ್ಕುತ್ತಾ, "ಫಾರ್ಮ್‌ಲಾ ಕೋಣ್ ಖರಂ ಸಾಂಗ್ತಂ?" ಅಂದರು. ಫಾರ್ಮಿಗೆ ಯಾರು ನಿಜ ಹೇಳ್ತಾರೆ!

ಸಿಟ್ಟು ಬಂತು. ಯಾಕಂದ್ರೆ ಇದು ನನಗೆ ಗೊತ್ತಿಲ್ಲದ್ದೇನಲ್ಲ, ಧಾರವಾಡದಲ್ಲಿ ಓದುವಾಗ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೇ. ಷಿಕಾಗೋ ಹತ್ತಿರ ಟೆಲಿಫೋನ್ ಸಾಮಾನು ಮಾಡುವ ಹಾಥಾರ್ನ್ ಕಾರ್ಖಾನೆ. 1924ರಿಂದ ಅಲ್ಲಿ ದೀಪದ ಬೆಳಕು ಹೆಚ್ಚು ಕಡಿಮೆ ಮಾಡಿ ಜನ ಎಷ್ಟು ಕೆಲಸ ಮಾಡ್ತಾರೆ ಅಂತ ನೋಡಿದರು. ಆ ಬೆಳಕಿನ ಕಥೆ ಎಷ್ಟು ಗಟ್ಟಿ ಅಂತ ಆಮೇಲೆ ತಕರಾರು ಬಂದಿದೆ, ಇರಲಿ. ನನಗೆ ನೆನಪಾದದ್ದು 1928ರಲ್ಲಿ ಶುರು ಮಾಡಿದ ಸಂದರ್ಶನಗಳು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಕೆಲಸಗಾರರನ್ನು ಮಾತಾಡಿಸಿದರಂತೆ. ಮೊದಮೊದಲು ಕೈಯಲ್ಲಿ ಪ್ರಶ್ನೆಗಳ ಪಟ್ಟಿ. ಇವರು ಮೇಲಧಿಕಾರಿ ಬಗ್ಗೆ ಕೇಳಿದರೆ ಅವರು ಇನ್ನೇನೋ ತಮ್ಮದೇ ಮಾತು ತೆಗೀತಿದ್ದರು. ಕೊನೆಗೆ ಪಟ್ಟಿ ಪಕ್ಕಕ್ಕಿಟ್ಟು, ನಿಮಗೆ ಏನು ಅನ್ಸುತ್ತೋ ಹೇಳಿ ಅಂತ ಸುಮ್ನೆ ಕೂತರು. ಅರ್ಧ ಗಂಟೆಯ ಮಾತು ಒಂದೂವರೆ ಗಂಟೆಗೆ ಹೋಯ್ತು. ನೂರು ವರ್ಷ ಆಗ್ತಾ ಬಂತು, ನಾನು ಮತ್ತೆ ಹದಿನೈದು ಪ್ರಶ್ನೆ ಹಿಡ್ಕೊಂಡು ಕೂತಿದ್ದೀನಿ. ಅದಕ್ಕೆ ಸಂಬಳ ಬೇರೆ.

ಅದೇ ಕಾರ್ಖಾನೆಯಲ್ಲಿ 1931ರಲ್ಲಿ ಹದಿನಾಲ್ಕು ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ ಗಮನಿಸಿದರು. ದಿನಕ್ಕೆ ಇಷ್ಟೇ ಕೆಲಸ ಅಂತ ಅವರವರಲ್ಲೇ ಒಂದು ಲೆಕ್ಕ. ಜಾಸ್ತಿ ಮಾಡಿದರೆ ಕಂಪನಿ ನಾಳೆ ಕೂಲಿ ದರ ಇಳಿಸುತ್ತೆ, ಇಲ್ಲಾಂದ್ರೆ ಯಾರನ್ನೋ ತೆಗೆಯುತ್ತೆ ಅನ್ನೋ ಭಯ. ಯಾರಾದರೂ ಚುರುಕಾದರೆ ತೋಳಿಗೊಂದು ಗುದ್ದು. ಇದನ್ನು ಹೇಳಿದರೆ ಕಾಕಾ ನಕ್ಕರು. ಇವರ ಶಾಪಿನಲ್ಲಿ ಎಲ್ಲರೂ ಪಾಳಿಗೆ ನಲವತ್ತೈದು ಪೀಸ್ ಮಾಡುವಾಗ ಹೊಸ ಹುಡುಗ ಅರವತ್ತು ಮಾಡಿದನಂತೆ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಊಟದ ಹೊತ್ತಿಗೆ ಡಬ್ಬಿ ಬಿಚ್ಚುವಾಗ ಕರೆಯಲಿಲ್ಲ, ಅಷ್ಟೇ. ಅವನು ಮೆಷಿನ್ ಪಕ್ಕ ನಿಂತುಕೊಂಡೇ ತಿಂದ. ನಾಲ್ಕನೇ ದಿನ ನಲವತ್ತೈದಕ್ಕೆ ಬಂದ. ಆ ಶಾಪಿನಲ್ಲಿ ಯಾರಿಗೆ ಸಾಲ ಇದೆ, ಯಾರ ಹೆಂಡತಿ ತವರಿಗೆ ಹೋಗಿದ್ದಾಳೆ, ಯಾರ ಕೈ ನಡುಗ್ತಿದೆ, ಎಲ್ಲ ಗೊತ್ತಿತ್ತು ಕಾಕಾಗೆ. "ಸಾಹೇಬರಿಗೆ?" ಅಂತ ಕೇಳಿದೆ. "ಸಾಹೇಬರಿಗೆ ನಲವತ್ತೈದು ಗೊತ್ತಿತ್ತು."

ಪುಣೆಯವರು ಕಡ್ಡಿ ಮುರಿದಂತೆ ಮಾತಾಡ್ತಾರೆ ಅಂತ ಹುಬ್ಬಳ್ಳಿಗೆ ಫೋನ್ ಮಾಡಿದಾಗಲೆಲ್ಲ ದೂರೋಳು ನಾನು. ಆದರೆ ಆವತ್ತು ರಾತ್ರಿ ನಮ್ಮೂರಿನ ಮಾತೇ ತಲೆ ಕೊರೀತು. ನಮ್ಮಲ್ಲಿ "ಆರಾಮ?" ಅಂತ ಕೇಳ್ತಾರೆ, "ಆರಾಮ" ಅಂತ ಹೇಳಬೇಕು. ಪ್ರಶ್ನೆಯಲ್ಲೇ ಉತ್ತರ ಕಟ್ಟಿ ಕೊಟ್ಟಿರ್ತಾರೆ, ವಾಪಸ್ ಕೊಟ್ಟರೆ ಆಯ್ತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಒಮ್ಮೆ ಬಲಗೈ ಎರಡು ಬೆರಳಿಗೆ ಬ್ಯಾಂಡೇಜ್ ಕಟ್ಟಿಸ್ಕೊಂಡು ಬಂದು, ಎಡಗೈಯಲ್ಲಿ ಚಮಚ ಹಿಡಿದು ಅನ್ನ ಸಾರು ತಿಂತಿದ್ದರು. ಎದುರುಮನೆಯವರು ಕಿಟಕಿಯಿಂದಲೇ "ಆರಾಮೇನ್ರೀ?" ಅಂದರು. ಅಪ್ಪ ಆ ಬ್ಯಾಂಡೇಜ್ ಕೈಯನ್ನೇ ಎತ್ತಿ, "ಆರಾಮ್ ನೋಡ್ರಿ!" ಅಂದರು. ನಾವು ಮಕ್ಕಳು ಬಿದ್ದು ಬಿದ್ದು ನಕ್ಕಿದ್ವಿ. ಹೇಗೆ ಪೆಟ್ಟಾಯ್ತು ಅಂತ ನಾವ್ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹನ್ನೆರಡು ವರ್ಷ ಆದ ಮೇಲೆ, ಅವರ ತಿಥಿಗೆ ಬಂದ ಗೆಳೆಯರೊಬ್ಬರು ಹೇಳಿದರು: ಆ ವಾರ ಅಪ್ಪ ಎರಡು ಪಾಳಿ ಒಟ್ಟಿಗೆ ಮಾಡ್ತಿದ್ದರಂತೆ, ನನ್ನ ಕಾಲೇಜು ಫೀಸಿಗೆ.

ಹೋದ ವಾರ ಹೊಸದಾಗಿ ಸೇರಿದ ಹುಡುಗಿಯನ್ನು ಹತ್ತಿರದ ಅಮೃತತುಲ್ಯಕ್ಕೆ, ಅಂದರೆ ಪುಣೆಯ ಚಹಾ ಅಂಗಡಿಗೆ, ಕರ್ಕೊಂಡು ಹೋದೆ, ಲ್ಯಾಪ್‌ಟಾಪ್ ಬಿಟ್ಟು. ಅರ್ಧ ಗಂಟೆ ಪೀಜಿಯ ನೀರಿನ ಗೋಳು ಹೇಳಿದಳು. ಎರಡನೇ ಚಹಾಕ್ಕೆ, ಮೀಟಿಂಗಿನಲ್ಲಿ ಬಾಯಿ ಬಿಟ್ಟರೆ ಒಬ್ಬ ಸೀನಿಯರ್ ನಗ್ತಾನೆ ಅಂದಳು. ಫಾರ್ಮಿನಲ್ಲಿ ಇದಕ್ಕೊಂದು ಪ್ರಶ್ನೆಯೇ ಇದೆ, ಏಳನೆಯದು. ಅವಳೂ ನಾಲ್ಕು ಕೊಟ್ಟಿದ್ದಾಳೆ.

ನಿನ್ನೆ ನಮ್ಮ ಎಚ್‌ಆರ್‌ನವರಿಗೂ ಅದೇ ಫಾರ್ಮ್ ಬಂತು. ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ತುಂಬಿ ಕಳಿಸಿದೆ. ಸಂಜೆ ಕಟ್ಟೆಯಲ್ಲಿ ಕಾಕಾ ಕೇಳಿದರು, ನೀನು ಎಷ್ಟು ಕೊಟ್ಟೆ?

"ಚಾರ್," ಅಂದೆ.

ಕಾಕಾ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.