ಹುಮನಾಬಾದಿನ ಡಚ್ ಅಳಿಯ

ಕಲಬುರಗಿಯಿಂದ ಬೀದರಿಗೆ ಬಸ್ಸಿನಲ್ಲಿ ಹೋಗುವುದೇ ನನಗೆ ರೂಢಿ. ಈ ಸಲ 2017ರಲ್ಲಿ ಆರಂಭವಾದ ರೈಲು ಮಾರ್ಗ ನೋಡೋಣವೆಂದು ಹೊರಟೆವು. ಜೊತೆಗೆ ಇಬ್ಬರು: ನೆದರ್‌ಲ್ಯಾಂಡ್ಸಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಕಾಲೇಜು ಗೆಳೆಯ, ಮತ್ತು ಅಲ್ಲಿ ಅವನು ಕಾನೂನುಬದ್ಧವಾಗಿ ಮದುವೆಯಾದ ಗಂಡ. ಸಲಿಂಗ ವಿವಾಹಕ್ಕೆ ಜಗತ್ತಿನಲ್ಲೇ ಮೊದಲು, 2001ರ ಏಪ್ರಿಲ್ 1ರಿಂದ, ಅವಕಾಶ ಕೊಟ್ಟ ದೇಶವದು.

ಹುಮನಾಬಾದಿನಲ್ಲಿ ರೈಲು ನಿಂತಿತು. ಗೆಳೆಯನ ಅವ್ವ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದರು. ಅಪ್ಪ ಇನ್ನೂ ಒಪ್ಪಿಲ್ಲ, ಆದ್ದರಿಂದ ಮನೆಗೆ ಹೋಗುವ ಮಾತಿಲ್ಲ. ಕಿಟಕಿಯಿಂದ ಸ್ಟೀಲ್ ಡಬ್ಬಿ ಒಳಬಂತು: ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಪಕ್ಕದಲ್ಲಿದ್ದ ನೆರೆಮನೆಯಾಕೆಗೆ ಅವರು ಹೇಳಿದ್ದು, ಮಗನ ಕಂಪನಿಯವರು ಬಂದಿದ್ದಾರೆ ಎಂದು. ಹಿಂಡಿ ಖಾರವಿದೆ, ಎಣ್ಣೆ ಹಾಕಿಕೊಂಡು ತಿನ್ನಲು ಹೇಳು ಎಂದು ಮಗನಿಗೆ ಎರಡು ಸಲ ಹೇಳಿದ್ದು ಮಾತ್ರ ಅಳಿಯನ ಸಲುವಾಗಿಯೇ.

ಬೀದರಿನ ಲಾಡ್ಜಿನಲ್ಲಿ ಆಧಾರ್, ಪಾಸ್‌ಪೋರ್ಟ್ ನೋಡಿ, ವಿದೇಶಿಯರ ಫಾರಂ ತುಂಬಿಸಿಕೊಂಡು, ಇಬ್ಬರಿಗೂ ಸೇರಿ ಒಂದೇ ಕೋಣೆಯ ಕೀಲಿ ಕೊಟ್ಟರು. ಮದುವೆಯಾಗದ ಗಂಡು ಹೆಣ್ಣು ಬಂದಿದ್ದರೆ ನೂರೆಂಟು ವಿಚಾರಣೆ ನಡೆಯುತ್ತಿತ್ತು! ಹೆಗಲ ಮೇಲೆ ಕೈಹಾಕಿಕೊಂಡು ಓಡಾಡುವ ಇಲ್ಲಿನ ಹುಡುಗರನ್ನು ಕಂಡು ಡಚ್ಚನಿಗೆ ಬೆರಗು. ತನ್ನೂರಿನಲ್ಲಿ ಕಾನೂನು ಬೆನ್ನಿಗಿದ್ದರೂ ರಾತ್ರಿ ಕೆಲವು ಬೀದಿಗಳಲ್ಲಿ ಗಂಡನ ಕೈ ಬಿಟ್ಟೇ ನಡೆಯುತ್ತೇನೆ ಎಂದ. ಇಲ್ಲಿ ಕೈ ಹಿಡಿಯುವುದಕ್ಕೆ ಅಡ್ಡಿಯಿಲ್ಲ, ಏಕೆಂದು ಹೇಳುವುದಕ್ಕಷ್ಟೇ ಅಡ್ಡಿ ಎಂದು ಗೆಳೆಯ ನಕ್ಕ.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದಲ್ಲಿ ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲೆ ನೀಲಿ ಹೆಂಚಿನ ತುಂಡುಗಳು ಅಲ್ಲಲ್ಲಿ ಅಂಟಿಕೊಂಡಿವೆ, ಮಿಕ್ಕ ಕಡೆ ಬರೀ ಗೋಡೆ. ಗವಾನ್ ಇರಾನಿನ ಗೀಲಾನಿನಿಂದ ಬಂದವನು. ಗಂಡಸರಿಬ್ಬರ ಸಂಬಂಧಕ್ಕೆ ಇವತ್ತಿನ ಇರಾನಿನಲ್ಲಿ ಮರಣದಂಡನೆಯವರೆಗೂ ಅವಕಾಶವಿದೆ.

ಬಿದರಿ ಕುಶಲಕರ್ಮಿಯ ಅಂಗಡಿಯಲ್ಲಿ ಬಹಳ ಹೊತ್ತು ಕುಳಿತೆವು. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರು ಕುದಿಯುತ್ತಿತ್ತು. ಸತುವಿನ ಬೂದು ಹೂಜಿಯನ್ನು ಅದರಲ್ಲಿ ಅದ್ದಿ ತೆಗೆದರೆ ಮೈಯೆಲ್ಲ ಕಪ್ಪು, ಬೆಳ್ಳಿಯ ಬಳ್ಳಿ ಮಾತ್ರ ಹಾಗೇ ಬೆಳ್ಳಗೆ. ಎಣ್ಣೆ ಬಟ್ಟೆಯಿಂದ ಉಜ್ಜುತ್ತಲೇ ಅವರು, ನೀವೂ ಸೌದಿಯಲ್ಲಿ ಕೆಲಸಕ್ಕಿದ್ದೀರಾ ಎಂದು ಗೆಳೆಯನನ್ನು ಕೇಳಿದರು. ಅವರ ಅಣ್ಣನ ಮಗ ಅಲ್ಲಿದ್ದಾನಂತೆ. ರಿಯಾದಿನಿಂದ ಹೆಚ್ಚಿನ ಸಂಬಳದ ಕರೆ ಬಂದಾಗ ಬೇಡವೆಂದವನು ನನ್ನ ಗೆಳೆಯ. ಅಲ್ಲಿನ ಸೆಕೆ ಆಗಿಬರುವುದಿಲ್ಲ ಎಂದಷ್ಟೇ ಉತ್ತರಿಸಿದ. ಬಿಸಿಲ ನಾಡಿನವನ ಬಾಯಲ್ಲಿ ಈ ಮಾತು ಕೇಳಿ ಆ ಹಿರಿಯರು ತಲೆಯೆತ್ತಿ ನೋಡಿದರು.

ಇಂಥವರಿಗೆ ವಿಶ್ವಸಂಸ್ಥೆ ಇಲ್ಲವೇ ಎಂದು ಸಂಜೆ ಚಹಾ ಕುಡಿಯುವಾಗ ನಾನೇ ಕೇಳಿದೆ. ಇದಕ್ಕೆಂದೇ ಅಂತರರಾಷ್ಟ್ರೀಯ ಒಪ್ಪಂದವೊಂದು ಇಲ್ಲ ಎಂದ ಗೆಳೆಯ. ಇರುವುದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಆಸ್ಟ್ರೇಲಿಯಾದ ರಾಜ್ಯ ಟ್ಯಾಸ್ಮೇನಿಯಾದ ಕಾನೂನಿನ ಬಗ್ಗೆ, ಅಲ್ಲಿಯ ನಿಕೋಲಸ್ ಟೂನೆನ್ ಎಂಬಾತ ಈ ಒಡಂಬಡಿಕೆಯನ್ನೇ ಹಿಡಿದು ಆಸ್ಟ್ರೇಲಿಯಾದ ವಿರುದ್ಧ ದೂರಿದಾಗ, 1994ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅವನ ಖಾಸಗಿತನಕ್ಕೆ ಭಂಗವಾಗಿದೆ ಎಂದಿತು. 1997ರಲ್ಲಿ ಟ್ಯಾಸ್ಮೇನಿಯಾ ಆ ಕಾನೂನನ್ನು ಕೈಬಿಟ್ಟಿತು. ಸಮಿತಿಗೆ ಪೊಲೀಸರಿಲ್ಲ, ನಾಚಿಕೆಪಡುವ ದೇಶದಲ್ಲಷ್ಟೇ ಅದರ ಮಾತು ನಡೆಯುತ್ತದೆ ಎಂಬುದು ಗೆಳೆಯನ ವಾದ. ನನಗೂ ಹಾಗೆಯೇ ಅನ್ನಿಸುತ್ತದೆ. ಹೊರಗಿನವರು ಎಷ್ಟು ಕೂಗಾಡಿದರೂ ಉಗಾಂಡಾ 2023ರಲ್ಲಿ ಕೆಲವು ಸಂದರ್ಭಗಳಿಗೆ ಗಲ್ಲುಶಿಕ್ಷೆಯಿರುವ ಕಾಯ್ದೆ ತಂದೇ ತಂದಿತು. ಈ ತಾರತಮ್ಯವನ್ನು ಗಮನಿಸಲು ಸ್ವತಂತ್ರ ತಜ್ಞರೊಬ್ಬರನ್ನು ನೇಮಿಸಬೇಕೆಂಬ ನಿರ್ಣಯ 2016ರಲ್ಲಿ ಮಾನವ ಹಕ್ಕುಗಳ ಮಂಡಳಿಗೆ ಬಂದಾಗ, ಭಾರತ ಮತ ಹಾಕದೆ ತಟಸ್ಥವಾಗಿ ಉಳಿಯಿತು. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವಲ್ಲ ಎಂದಿತು, ಆದರೆ ಮದುವೆಯ ಹಕ್ಕನ್ನು 2023ರಲ್ಲಿ ಒಪ್ಪಲಿಲ್ಲ. ಹೀಗಾಗಿ ಆ ಲಾಡ್ಜಿನ ಕೋಣೆಯಲ್ಲಿದ್ದವರು ನಮ್ಮ ಕಾನೂನಿನ ಕಣ್ಣಿಗೆ ದಂಪತಿಯಲ್ಲ.

ವಾಪಸ್ ವಿಮಾನ ಹೈದರಾಬಾದಿನಿಂದ. ಕತಾರಿನ ದೋಹಾ ಮೂಲಕ ಹೋದರೆ ಅಗ್ಗ. ವಿಮಾನ ಬದಲಿಸುವುದಷ್ಟೇ, ಯಾರೂ ಏನೂ ಕೇಳುವುದಿಲ್ಲ ಎಂದು ಗೆಳೆಯ ಗಂಡನನ್ನು ಒಪ್ಪಿಸಲು ನೋಡಿದ. ವಿಮಾನ ತಪ್ಪಿ ಊರೊಳಗೆ ರಾತ್ರಿ ಕಳೆಯಬೇಕಾಗಿ ಬಂದರೆ ಎಂದು ಡಚ್ಚ ಕೇಳಿದ. ಫ್ರಾಂಕ್‌ಫರ್ಟ್ ಮೂಲಕ ಹೋಗುವ ಟಿಕೆಟ್ಟನ್ನೇ ತೆಗೆದರು. ದುಬಾರಿಯಾಯಿತೆಂದು ಗೊಣಗಿದವನು ಹುಮನಾಬಾದಿನವನೇ.