ಹ್ಯಾಡ್ರಿಯನ್ ಗೋಡೆಯ ಜಾಡಿನಲ್ಲಿ ಏಳು ದಿನ

ಹೊರಡುವ ಮುಂಚೆ ನನ್ನ ಭಯವೆಲ್ಲ ಏರುಗಳ ಬಗ್ಗೆ. ನಕ್ಷೆಯ ನಡುವಿನ ಬಂಡೆಸಾಲು ನೋಡಿ ವಾರಗಟ್ಟಲೆ ಮೆಟ್ಟಿಲು ಹತ್ತಿ ಇಳಿದಿದ್ದೆ. ಆದರೆ ಕಾಲು ಕೈಕೊಟ್ಟಿದ್ದು ಮೊದಲ ದಿನವೇ, ಸಪಾಟು ಡಾಂಬರಿನ ಮೇಲೆ!

ಹ್ಯಾಡ್ರಿಯನ್ಸ್ ವಾಲ್ ಪಾತ್ ಉತ್ತರ ಇಂಗ್ಲೆಂಡನ್ನು ಅಡ್ಡಡ್ಡ ದಾಟುವ 135 ಕಿಲೋಮೀಟರ್ ಕಾಲುದಾರಿ. ರೋಮನ್ ಚಕ್ರವರ್ತಿ ಹ್ಯಾಡ್ರಿಯನ್ ಕ್ರಿ.ಶ. 122ರಲ್ಲಿ ಶುರು ಮಾಡಿಸಿದ ಗೋಡೆಯ ಜೊತೆಜೊತೆಗೆ ಸಾಗುತ್ತದೆ. ದಾರಿ ತೆರೆದದ್ದು ಮಾತ್ರ 2003ರಲ್ಲಿ. ನಾನು ಪೂರ್ವದ ವಾಲ್ಸೆಂಡ್‌ನಿಂದ ಪಶ್ಚಿಮದ ಬೋನೆಸ್-ಆನ್-ಸಾಲ್ವೇಗೆ ನಡೆದೆ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಮುಖಕ್ಕೇ ಹೊಡೆಯುತ್ತದೆ, ನಿಜ. ಆದರೂ ಊರಿನ ಗದ್ದಲ ಮೊದಲೇ ಮುಗಿಸಿಕೊಂಡು, ಕೊನೆಗೆ ಖಾಲಿ ಕಡಲತೀರ ಸೇರುವುದೇ ನನಗೆ ಇಷ್ಟ.

ಮೊದಲ ದಿನ ಹೆಡನ್-ಆನ್-ದಿ-ವಾಲ್ ವರೆಗೆ ಸುಮಾರು 24 ಕಿಲೋಮೀಟರ್. ಬಹುಪಾಲು ಟೈನ್ ನದಿ ಪಕ್ಕದ ಗಟ್ಟಿ ದಾರಿ. ನಾನು ಬೆಟ್ಟಕ್ಕೆಂದು ಕೊಂಡ ದಪ್ಪ ಬೂಟು ಹಾಕಿದ್ದೆ. ಮಧ್ಯಾಹ್ನಕ್ಕೇ ಹಿಮ್ಮಡಿ ಬಿಸಿ ಅನ್ನಿಸಿತು. 'ಊರು ಸೇರಿ ನೋಡೋಣ' ಅಂದುಕೊಂಡೆ. ಸಂಜೆಗೆ ಎರಡು ಗುಳ್ಳೆ. ಹಿಮ್ಮಡಿ ಬಿಸಿಯಾದ ಕೂಡಲೇ ನಿಲ್ಲಿ, ಕಾಲುಚೀಲ ತೆಗೆದು ಟೇಪ್ ಅಂಟಿಸಿ. ಆ ದಿನಕ್ಕೆ ಮೆತ್ತನೆಯ ಶೂ ಸಾಕು, ಬೂಟು ಚೀಲದಲ್ಲಿರಲಿ. ಸಾಮಾನನ್ನು ತಂಗುವ ಜಾಗಕ್ಕೆ ತಲುಪಿಸುವವರೂ ಇದ್ದಾರೆ. 'ಹೊತ್ತುಕೊಂಡೇ ನಡೆಯುತ್ತೇನೆ' ಎಂಬ ಜಂಬ ನನಗೆ ನಾಲ್ಕನೇ ದಿನದವರೆಗೆ ಮಾತ್ರ ಉಳಿಯಿತು.

ಎರಡನೇ ದಿನ ಗೋಡೆ ಕಾಣಲಿಲ್ಲ ಅಂತ ಬೇಸರ ಬೇಡ. 18ನೇ ಶತಮಾನದಲ್ಲಿ ಅದರ ಮೇಲೆಯೇ ಸೈನ್ಯದ ರಸ್ತೆ ಹಾಕಿದರು. ಈಗ ಕಾಣುವುದು ಹೆಚ್ಚಾಗಿ ಪಕ್ಕದ ಕಂದಕ.

ಚಾಲರ್‌ಫರ್ಡ್ ದಾಟಿದ ಮೇಲೆ ಶುರು ನಿಜವಾದ ಹಬ್ಬ. ಸ್ಟೀಲ್ ರಿಗ್‌ವರೆಗೆ 20 ಕಿಲೋಮೀಟರ್ ಅಷ್ಟೇ, ಆದರೆ ನನಗೆ ಪೂರ್ತಿ ದಿನ ಹಿಡಿಯಿತು. ಗೋಡೆ ಕಪ್ಪು ಬಂಡೆಯ ಅಂಚಿನಲ್ಲೇ ಏರಿಳಿಯುತ್ತದೆ. ನೀವೂ ಅದರ ಹಿಂದೆಯೇ ಇಳಿದು, ಮತ್ತೆ ಹತ್ತಬೇಕು. ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ ಸೈನಿಕರ ಸಾಲು ಶೌಚಾಲಯದ ಕಲ್ಲುಗಳೂ ಉಳಿದಿವೆ. ನಾನು ಅಲ್ಲೇ ಒಂದೂವರೆ ಗಂಟೆ ಕಳೆದೆ, ಇನ್ನೂ ಸಾಲಲಿಲ್ಲ. ಮುಂದಿನ ಸಿಕಮೋರ್ ಗ್ಯಾಪ್‌ನಲ್ಲಿ ಫೋಟೋದಲ್ಲಿ ನೋಡಿದ ಮರ ಹುಡುಕಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಕಡಿದು ಹಾಕಿದರು. ಮರುವರ್ಷ ಬುಡದಿಂದ ಚಿಗುರು ಬಂದಿದೆ. ಸ್ಟೀಲ್ ರಿಗ್ ಆಚೆಯ ವಿನ್‌ಶೀಲ್ಡ್ಸ್ ಇಡೀ ದಾರಿಯಲ್ಲೇ ಎತ್ತರದ ಜಾಗ, 345 ಮೀಟರ್.

ಈ ಭಾಗದಲ್ಲಿ ಎರಡು ರಾತ್ರಿ ಒಂದೇ ಕಡೆ ತಂಗಿ. ಬೇಸಿಗೆ ಕಾಲದಲ್ಲಿ ಓಡುವ ಎಡಿ122 ಬಸ್ಸು ಹತ್ತಿ ಆಚೀಚೆ ಹೋಗಬಹುದು. ಬಸ್ಸಿನ ನಂಬರು ಗೋಡೆ ಶುರುವಾದ ವರ್ಷವೇ, ಚೆನ್ನಾಗಿದೆ ಅಲ್ವಾ? ಚಳಿಗಾಲದಲ್ಲಿ ಮಾತ್ರ ಈ ದಾರಿ ಬೇಡ. ನೆನೆದ ನೆಲದಲ್ಲಿ ನಮ್ಮ ಹೆಜ್ಜೆ ಹೂತು, ಅಡಿಯಲ್ಲಿರುವ ರೋಮನ್ ಅವಶೇಷ ಹಾಳಾಗುತ್ತದೆ. ನಡೆದವರಿಗೆ ಅಲ್ಲಲ್ಲಿ ಮೊಹರು ಹಾಕಿಸಿಕೊಳ್ಳುವ ಪಾಸ್‌ಪೋರ್ಟ್ ಕೂಡ ಅದಕ್ಕೇ ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ. ಗೋಡೆಯ ಮೇಲೆ ಹತ್ತಬೇಡಿ.

ದಾರಿ ಎಷ್ಟೋ ಕಡೆ ದನ ಮೇಯುವ ಹೊಲಗಳ ಒಳಗೇ ಹಾಯುತ್ತದೆ. ಕರು ಜೊತೆಗಿರುವ ಹಸುವಿನಿಂದ ದೂರ ಸುತ್ತಿ ಹೋಗಿ. ಒಂದು ಹಸು ನನ್ನ ಕಡೆ ತಲೆ ತಗ್ಗಿಸಿ ನಾಲ್ಕು ಹೆಜ್ಜೆ ಬಂದಾಗ ಗುಳ್ಳೆ ನೋವೆಲ್ಲ ಮರೆತುಹೋಯಿತು. ಇನ್ನು, ಸಿಕ್ಕಲ್ಲೆಲ್ಲ ಟೆಂಟ್ ಹಾಕುವಂತಿಲ್ಲ. ಜಮೀನಿನವರ ಒಪ್ಪಿಗೆ ಬೇಕು.

ಕಾರ್ಲೈಲ್ ಆದಮೇಲೆ ಮತ್ತೆ ಸಪಾಟು ದಾರಿ. ಇಲ್ಲಿ ನೋಡಬೇಕಾದ್ದು ಸಮುದ್ರದ ಉಬ್ಬರದ ಸಮಯ. ಬರ್ಗ್-ಬೈ-ಸ್ಯಾಂಡ್ಸ್ ದಾಟಿದ ಮೇಲೆ ಜೌಗಿನ ನಡುವಿನ ರಸ್ತೆಯ ಮೇಲೇ ನೀರು ಬರುತ್ತದೆ. ಹಿಂದಿನ ರಾತ್ರಿಯೇ ಸಮಯ ನೋಡಿಟ್ಟುಕೊಂಡು ಹೊರಡಿ. ಬೋನೆಸ್‌ನಿಂದ ಕಾರ್ಲೈಲ್‌ಗೆ ವಾಪಸ್ ಬಸ್ಸು ಬಹಳ ಕಮ್ಮಿ, ಅದನ್ನೂ ಆಗಲೇ ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ಬೂಟು ಬಿಚ್ಚಿ, ಕಾಲು ಚಾಚಿ, ಸಂಜೆವರೆಗೆ ಸಾಲ್ವೇ ನೀರು ನೋಡುತ್ತಾ ಕೂತೆ.