ನನ್ನ ಫೋನ್‌ಪೇಗೆ ಹಾಕಬೇಡಿ, ಕಂಪನಿಗೇ ಕಟ್ಟಿ

ನಾನು ತಿಪಟೂರಿನಲ್ಲಿ ಇನ್ಶೂರೆನ್ಸ್ ಏಜೆಂಟ್. ಲೈಫು, ಹೆಲ್ತು, ಗಾಡಿ ಎಲ್ಲ ಮಾಡಿಸುತ್ತೇನೆ. ಎರಡು ವರ್ಷದ ಹಿಂದಿನವರೆಗೂ ನನ್ನ ಮೇಜಿನ ಮೇಲೆ ನನ್ನದೇ ಕ್ಯೂಆರ್ ಸ್ಟಿಕ್ಕರ್ ಇತ್ತು. ಬಂದವರೆಲ್ಲ ಅದಕ್ಕೇ ದುಡ್ಡು ಹಾಕುತ್ತಿದ್ದರು, ರಾತ್ರಿ ಊಟ ಆದಮೇಲೆ ನಾನು ಕೂತುಕೊಂಡು ನನ್ನ ಕಾರ್ಡಿನಿಂದ ಕಂಪನಿಗೆ ಕಟ್ಟುತ್ತಿದ್ದೆ. ಅವರಿಗೆ ಸುಲಭ. ನನಗೂ ಕಾರ್ಡಿನ ಪಾಯಿಂಟ್ ಸೇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಒಂದು ಕಾರಿನ ಪಾಲಿಸಿ ಬಂತು. ಅವತ್ತು ರಾತ್ರಿ ಹನ್ನೆರಡಕ್ಕೆ ಅವಧಿ ಮುಗಿಯುತ್ತಿತ್ತು. ಒಂದು ವಾರದಿಂದ ನೆನಪಿಸಿದರೂ ಆ ಗಿರಾಕಿ ಹತ್ತು ಗಂಟೆಗೆ ನನಗೆ ದುಡ್ಡು ಹಾಕಿ, "ಅಕ್ಕ, ಹಾಕಿದೀನಿ, ನೋಡ್ಕೊಳ್ಳಿ" ಅಂತ ಮೆಸೇಜ್ ಕಳಿಸಿ ಮಲಗಿಬಿಟ್ಟರು. ನಾನು ಕಂಪನಿ ಪೇಜಿನಲ್ಲಿ ಕಟ್ಟಲು ಹೋದೆ. ನನ್ನ ಅಕೌಂಟಿನಿಂದ ದುಡ್ಡು ಹೋಯಿತು, ಪಾಲಿಸಿ ಬರಲಿಲ್ಲ. ಚಕ್ರ ಸುತ್ತುತ್ತಲೇ ಇತ್ತು. ಇನ್ನೊಂದು ಸಲ ಕಟ್ಟೋಣ ಅಂದರೆ ಕಾರ್ಡಿನ ಲಿಮಿಟ್ ಮುಗಿದಿತ್ತು. ಗಂಟೆ ಹನ್ನೆರಡಾಯಿತು.

ಬೆಳಿಗ್ಗೆ ನೋಡಿದರೆ ಅದು 'ಬ್ರೇಕ್-ಇನ್' ಕೇಸ್, ಅಂದರೆ ಅವಧಿ ಮುಗಿದು ಇನ್ಶೂರೆನ್ಸ್ ನಡುವೆ ತಪ್ಪಿದ ಗಾಡಿ. ಅದಕ್ಕೆ ಗಾಡಿಯ ಸುತ್ತ ವಿಡಿಯೋ ಮಾಡಿ ಕಳಿಸಬೇಕು, ಕಂಪನಿಯವರು ಇನ್ಸ್‌ಪೆಕ್ಷನ್ ಮುಗಿಸಿ ಒಪ್ಪಬೇಕು, ಆಮೇಲೆ ಹೊಸದಾಗಿ ದುಡ್ಡು ಕಟ್ಟಬೇಕು. ಎರಡು ದಿನ ಆ ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. ಪುಣ್ಯಕ್ಕೆ ಮನೆ ಮುಂದೆಯೇ ನಿಂತಿತ್ತು. ತೊಂಬತ್ತು ದಿನದೊಳಗೆ ಮಾಡಿಸಿದ್ದರಿಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಮಾತ್ರ ಉಳಿಯಿತು. ಆ ಗಿರಾಕಿ ಹೇಳಿದ್ದು ಒಂದೇ ಮಾತು: "ನಾನು ಹತ್ತು ಗಂಟೆಗೇ ಕಟ್ಟಿದ್ದೆನಲ್ಲಕ್ಕ?"

ಅವರ ಲೆಕ್ಕದಲ್ಲಿ ಕಟ್ಟಿದ್ದರು. ಕಂಪನಿಯ ಲೆಕ್ಕದಲ್ಲಿ ಕಟ್ಟಿರಲಿಲ್ಲ. 1938ರ ವಿಮಾ ಕಾಯ್ದೆಯಲ್ಲಿ 64ವಿಬಿ ಅಂತ ಒಂದು ಸೆಕ್ಷನ್ ಇದೆ, ಏಜೆಂಟ್ ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿ ಮರೆತಿರುತ್ತೇವೆ. ಪ್ರೀಮಿಯಂ ಬಾರದೆ ಕಂಪನಿ ಹೊಣೆ ಹೊರುವಂತಿಲ್ಲ ಅನ್ನುತ್ತದೆ ಅದು. ಏಜೆಂಟ್ ಕಂಪನಿಯ ಪರವಾಗಿ ದುಡ್ಡು ತೆಗೆದುಕೊಂಡರೆ 24 ಗಂಟೆಯೊಳಗೆ, ಕಮಿಷನ್ ಹಿಡಿದುಕೊಳ್ಳದೆ, ಪೂರ್ತಿ ಕಟ್ಟಬೇಕು ಅಂತಲೂ ಅದರಲ್ಲೇ ಇದೆ. ಬ್ಯಾಂಕು, ಪೋಸ್ಟಾಫೀಸು ರಜೆಯನ್ನು ಆ 24 ಗಂಟೆಗೆ ಸೇರಿಸುವುದಿಲ್ಲ. ಅದು ಮನಿಯಾರ್ಡರ್ ಕಾಲದ ನಿಯಮ. ಆದರೆ ಈಗ ಪಾಲಿಸಿ ಶುರುವಾಗುವುದು ಗಂಟೆ, ನಿಮಿಷದ ಲೆಕ್ಕದಲ್ಲಿ. ಹತ್ತು ಗಂಟೆಗೂ ಹನ್ನೆರಡಕ್ಕೂ ನಡುವೆ ನನ್ನ ಫೋನ್‌ಪೇ ಅಡ್ಡ ಕೂತಿತ್ತು, ಅಷ್ಟೇ.

ಸಿಕ್ಕಿಹಾಕಿಕೊಂಡ ದುಡ್ಡು ಐದನೇ ದಿನ ವಾಪಸ್ ಬಂತು, ನನ್ನ ಅಕೌಂಟಿಗೆ. ಇಂಥ ವ್ಯವಹಾರ ಕೆಟ್ಟರೆ ಐದು ದಿನದೊಳಗೆ ದುಡ್ಡು ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ರೀಫಂಡ್ ಸಾಮಾನ್ಯವಾಗಿ ಹೋದ ದಾರಿಯಲ್ಲೇ ಬರುತ್ತದೆ. ಗಿರಾಕಿಯ ದುಡ್ಡು ನನ್ನ ಅಕೌಂಟಿನಲ್ಲಿ, ಅದನ್ನು ಅವರಿಗೆ ವಿವರಿಸುವ ಕರ್ಮವೂ ನನ್ನದೇ. ಇನ್ನೊಬ್ಬರದಂತೂ ಇನ್ನೂ ಚೆನ್ನಾಗಿತ್ತು. ಹೆಲ್ತ್ ಪಾಲಿಸಿಯ ಪ್ರೀಮಿಯಂಗೆ ಆದಾಯ ತೆರಿಗೆಯ 80ಡಿ ವಿನಾಯಿತಿ ಹಾಕಲು ಹೋದಾಗ ಆಡಿಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, "ಇದೇನ್ರೀ, ಯಾವುದೋ ಹೆಂಗಸಿಗೆ ಇಪ್ಪತ್ತು ಸಾವಿರ ಹಾಕಿದೀರ?" ಅಂದರಂತೆ. ಪಕ್ಕದಲ್ಲಿ ಹೆಂಡತಿ ಕೂತಿದ್ದರಂತೆ.

ಅದನ್ನು ಕೇಳಿದ ಮಾರನೇ ದಿನವೇ ಮೇಜಿನ ಮೇಲಿನ ಆ ಸ್ಟಿಕ್ಕರ್ ಕಿತ್ತೆ. ಅಂಟು ಇನ್ನೂ ಮೇಜಿನ ಮೇಲಿದೆ.

ಈಗ ಕಂಪನಿಯಿಂದಲೇ ಹೋಗುವ ಲಿಂಕ್ ಕಳಿಸುತ್ತೇನೆ. ಇದರಲ್ಲಿ ಒಂದು ತಮಾಷೆ ಇದೆ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನವರೂ ಪೊಲೀಸರೂ ಬಡಕೊಳ್ಳುತ್ತಿದ್ದಾರೆ, ನಾವು ದಿನಕ್ಕೆ ಹತ್ತು ಲಿಂಕ್ ಕಳಿಸುತ್ತೇವೆ! ಅದಕ್ಕೇ ಮೊದಲು ಫೋನ್ ಮಾಡುತ್ತೇನೆ. ಇಷ್ಟು ದುಡ್ಡು, ಇಂಥ ಗಾಡಿದು, ಈಗ ಲಿಂಕ್ ಬರುತ್ತದೆ, ಪಿನ್ ಹಾಕುವ ಮುಂಚೆ ಮೇಲೆ ಕಂಪನಿ ಹೆಸರು ಇದೆಯಾ ನೋಡಿ, ನನ್ನ ಹೆಸರಾಗಲಿ ಬೇರೆ ಯಾರದೇ ಹೆಸರಾಗಲಿ ಕಂಡರೆ ನಿಲ್ಲಿಸಿ. ಓಟಿಪಿ ನನಗೂ ಹೇಳಬೇಡಿ. ಸ್ಕ್ರೀನ್‌ಶಾಟ್ ಬಂದರೆ ಥ್ಯಾಂಕ್ಸ್ ಹೇಳುತ್ತೇನೆ, ಆದರೆ ನಂಬುವುದು ಕಂಪನಿಯ ರಸೀದಿಯನ್ನು ಮಾತ್ರ. ನನ್ನ ಪುಸ್ತಕದಲ್ಲಿ ಈಗ ಎರಡು ತಾರೀಖಿನ ಕಾಲಂ ಇವೆ: ಗಿರಾಕಿ ಕಟ್ಟಿದೆ ಅಂದ ದಿನ, ರಸೀದಿ ಬಂದ ದಿನ. ಎರಡನೆಯದು ಖಾಲಿ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಪಕ್ಕದಲ್ಲಿ ಯುಟಿಆರ್ ನಂಬರಿನ, ಅಂದರೆ ಪ್ರತಿ ಪಾವತಿಗೂ ಸಿಗುವ ಗುರುತಿನ ಸಂಖ್ಯೆಯ, ಕೊನೆಯ ನಾಲ್ಕು ಅಂಕಿ. ದುಡ್ಡು ಸಿಕ್ಕಿಹಾಕಿಕೊಂಡಾಗ ಆ ನಂಬರ್ ಇದ್ದವರ ಮಾತಿಗೇ ಬೆಲೆ.

ಕಂತು ತಾನಾಗಿಯೇ ಅಕೌಂಟಿನಿಂದ ಹೋಗುವ ಆಟೋಪೇ ಹಾಕಿಸಿ ಅಂತ ಕಂಪನಿಯವರು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ಇನ್ಶೂರೆನ್ಸ್ ಕಂತಿಗೆ ಒಂದು ಲಕ್ಷದವರೆಗೆ ಓಟಿಪಿ ಇಲ್ಲದೆಯೇ ಕಟ್ ಆಗುತ್ತದೆ, 24 ಗಂಟೆ ಮುಂಚೆ ಮೆಸೇಜ್ ಬರುತ್ತದೆ. ಸಂಬಳದವರಿಗೆ ಒಳ್ಳೆಯದು, ಮೇಷ್ಟ್ರುಗಳಿಗೆಲ್ಲ ನಾನೇ ಹಾಕಿಸಿದ್ದೇನೆ. ಆದರೆ ನಮ್ಮ ಕಡೆ ತೆಂಗಿನವರು ಜಾಸ್ತಿ. ಅವರ ದುಡ್ಡು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುತ್ತಾ ಇರುತ್ತದೆ, ಕೊಬ್ಬರಿ ಮಾರಿದ ದಿನ ಕೈಗೆ ಬರುತ್ತದೆ. ಪ್ರತಿ ತಿಂಗಳು ಐದನೇ ತಾರೀಖು ಅಂತ ಹಾಕಿದರೆ ಖಾಲಿ ಅಕೌಂಟಿಗೆ ಕೈ ಹಾಕಿದಂತೆ. ದುಡ್ಡಿಲ್ಲದೆ ಆ ಆಟೋಪೇ ಬೌನ್ಸ್ ಆದರೆ ಬ್ಯಾಂಕಿನವರು ಬೇರೆ ಚಾರ್ಜ್ ಹಾಕುತ್ತಾರೆ. ಇಂಥವರಿಗೆ ವರ್ಷದ ಕಂತೇ ಸರಿ. ಲೈಫ್ ಪಾಲಿಸಿಗಾದರೆ ತಾರೀಖು ದಾಟಿದ ಮೇಲೂ ಕಟ್ಟಲು ಅದಕ್ಕೆ 30 ದಿನ ಗ್ರೇಸ್ ಕೂಡ ಸಿಗುತ್ತದೆ, ತಿಂಗಳ ಕಂತಿಗೆ 15 ಮಾತ್ರ.

ಹೊಸ ಲೈಫ್, ಹೆಲ್ತ್ ಪಾಲಿಸಿಗಳಿಗೆ 2025ರ ಮಾರ್ಚ್‌ನಿಂದ 'ಬಿಮಾ-ಆಸ್ಬಾ' ಬಂದಿದೆ. ದುಡ್ಡು ಗಿರಾಕಿಯ ಅಕೌಂಟಿನಲ್ಲೇ 14 ದಿನದವರೆಗೆ ಬ್ಲಾಕ್ ಆಗಿರುತ್ತದೆ, ಪ್ರಪೋಸಲ್ ಒಪ್ಪಿದರೆ ಮಾತ್ರ ಹೋಗುತ್ತದೆ. ಶುಗರ್, ಬಿಪಿ ಇದ್ದವರ ಹೆಲ್ತ್ ಪಾಲಿಸಿಗೆ ಇದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಮೆಡಿಕಲ್‌ನಲ್ಲಿ ರಿಜೆಕ್ಟ್ ಆಗಿ ರೀಫಂಡಿಗೆ ಅಲೆಯುವುದು ತಪ್ಪಿತು.

ಎಲ್ಲರೂ ಲಿಂಕಿಗೆ ಬಗ್ಗುವುದಿಲ್ಲ ಅನ್ನಿ. ನಮ್ಮ ಹಳೇ ಗಿರಾಕಿ ಒಬ್ಬ ಅಜ್ಜ, "ದುಡ್ಡು ನಿಂಗೇ ಕೊಡ್ತೀನಿ ಕಣವ್ವ, ಕಂಪ್ನಿ ಯಾವನಿಗೆ ಗೊತ್ತು" ಅನ್ನುತ್ತಾರೆ. ಸರಿ ಅಂತ ಸ್ಕೂಟರಿನಲ್ಲಿ ಕೂರಿಸಿಕೊಂಡು ಬ್ರಾಂಚ್ ಕೌಂಟರಿಗೇ ಕರೆದುಕೊಂಡು ಹೋಗಿ ಕಟ್ಟಿಸಿದೆ. ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಮೊಬೈಲಿನ ಹಿಂದಿನ ಕವರಿನೊಳಗೆ ತುರುಕಲು ಹೋದರು. ಅಲ್ಲಿ ಆಗಲೇ ಒಂದು ಚೀಟಿ ಇತ್ತು. ಮೊಮ್ಮಗಳು ಫೋನ್‌ಪೇ ಹಾಕಿಕೊಟ್ಟು ಪಿನ್ ನಂಬರ್ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದಳಂತೆ. ಅಲ್ಲೇ ನಿಂತು ಚೀಟಿ ಹರಿದು ಹಾಕಿಸಿ, ಪಿನ್ ಬದಲಾಯಿಸುವುದು ಹೇಗೆ ಅಂತ ತೋರಿಸಿ, ಆ ಕಡೆ ತಿರುಗಿ ನಿಂತೆ. ಎರಡು ನಿಮಿಷ ಬಿಟ್ಟು ಅಜ್ಜ ನನ್ನ ಭುಜ ತಟ್ಟಿ, "ಆಯ್ತು ಕಣವ್ವ, ಹೊಸಾದು ಏನಿಟ್ಟೆ ಗೊತ್ತಾ?" ಅಂದರು. ನಾನು ಕಿವಿ ಮುಚ್ಚಿಕೊಂಡೆ.